ಉಡುಪಿಗೆ ಮೂರು, ಕಾರ್ಕಳಕ್ಕೆ ನಾಲ್ಕು, ಮಣಿಪಾಲಕ್ಕೆ ಐದು

ಉಡುಪಿಯ ಬಸ್ ನಿಲ್ದಾಣದಲ್ಲಿ ಬೆಳಗ್ಗಿನ ಗಡಿಬಿಡಿಯ ಹೊತ್ತು ನಿಂತರೆ ಛಂದಸ್ಸಿನ ಮೊದಲ ಪಾಠ ಪುಕ್ಕಟೆ ಸಿಗುತ್ತದೆ. ಕಂಡಕ್ಟರುಗಳು ಬಾಗಿಲಿನಿಂದ ಅರ್ಧ ಹೊರಗೆ ಬಾಗಿ ಊರಿನ ಹೆಸರು ಕೂಗುತ್ತಾರೆ. ಒಬ್ಬ ‘ಕಾಪು ಕಾಪು ಕಾಪು’ ಎಂದರೆ ಇನ್ನೊಬ್ಬ ‘ಕಾರ್ಕಳ ಕಾರ್ಕಳ ಕಾರ್ಕಳ’. ಯಾರೂ ಒಂದು ಸಲ ಹೇಳಿ ಸುಮ್ಮನಾಗುವವರಲ್ಲ. ಎರಡು ಮೂರು ಸಲ ಹೇಳುವಷ್ಟರಲ್ಲಿ ಆ ಹೆಸರಿಗೆ ತನ್ನಷ್ಟಕ್ಕೆ ಒಂದು ನಡೆ ಬಂದುಬಿಡುತ್ತದೆ. ಕಾಪುವಿನ ಬಸ್ಸಿನ ಕೂಗು ಚುರುಕು, ಕಾರ್ಕಳದ್ದು ಸಮಾಧಾನದ್ದು. ಎರಡು ಬಸ್ಸಿನವರೂ ಒಟ್ಟಿಗೆ ಕೂಗತೊಡಗಿದರೆ ಒಂದು ಇನ್ನೊಂದಕ್ಕೆ ಹೊಂದುವುದಿಲ್ಲ. ಆಮೇಲೆ ಎಲ್ಲೋ ಒಂದು ಕಡೆ ಎರಡೂ ಸರಿಯಾಗಿ ಕೂಡಿ ಮತ್ತೆ ಬೇರೆಯಾಗುತ್ತವೆ.

ಹೀಗಾಗುವುದಕ್ಕೆ ಕಾರಣ ಬರಿಯ ಲೆಕ್ಕ. ಹ್ರಸ್ವ ಅಕ್ಷರ ಹೇಳಲು ಹಿಡಿಯುವ ಕಾಲ ಒಂದು ಮಾತ್ರೆ, ಅದು ಲಘು. ದೀರ್ಘಾಕ್ಷರಕ್ಕೆ ಎರಡು ಮಾತ್ರೆ, ಅದು ಗುರು. ಒತ್ತಕ್ಷರದ ಹಿಂದಿನ ಅಕ್ಷರ, ಸೊನ್ನೆ ಇರುವ ಅಕ್ಷರ, ಅರ್ಧಾಕ್ಷರದಲ್ಲಿ ಮುಗಿಯುವ ಅಕ್ಷರ ಕೂಡ ಗುರುವೇ. ಈ ಅಳತೆಯಲ್ಲಿ ಉಡುಪಿ ಎಂದರೆ ಮೂರು ಲಘು, ಮೂರು ಮಾತ್ರೆ. ಕಾಪು ಎಂದರೆ ಒಂದು ಗುರು, ಒಂದು ಲಘು, ಅದೂ ಮೂರು. ಕಾರ್ಕಳದ ‘ಕಾ’ ದೀರ್ಘವೂ ಹೌದು, ಒತ್ತಕ್ಷರದ ಹಿಂದೆ ಬಂದದ್ದೂ ಹೌದು. ಆದರೂ ಅದಕ್ಕೆ ಸಿಗುವುದು ಎರಡೇ ಮಾತ್ರೆ. ಉಳಿದ ಎರಡು ಲಘು ಸೇರಿದರೆ ನಾಲ್ಕು. ಮಣಿಪಾಲಕ್ಕೆ ಐದು. ಆದರೆ ಬಸ್ಸಿನ ಬಾಗಿಲಲ್ಲಿ ಅದು ‘ಮಣಿಪಾಲ್’ ಆಗುತ್ತದೆ, ಕೊನೆಯ ಲಘು ಬಿದ್ದುಹೋಗಿ ನಾಲ್ಕಕ್ಕೆ ಇಳಿಯುತ್ತದೆ. ಅದಕ್ಕೇ ಮಣಿಪಾಲದ ಕೂಗೂ ಕಾರ್ಕಳದ ಕೂಗೂ ಅಕ್ಕಪಕ್ಕದಲ್ಲಿ ಜಗಳವಿಲ್ಲದೆ ಸಾಗುತ್ತವೆ.

ಮೂರು ಮಾತ್ರೆಯನ್ನು ಎಷ್ಟು ಬಗೆಯಲ್ಲಿ ತುಂಬಬಹುದು? ಉಡುಪಿಯ ಹಾಗೆ ಮೂರು ಲಘು, ಕಾಪುವಿನ ಹಾಗೆ ಗುರು-ಲಘು, ಮತ್ತೆ ಲಘು-ಗುರು. ಒಟ್ಟು ಮೂರು ಬಗೆ. ನಾಲ್ಕು ಮಾತ್ರೆಗೆ ಐದು ಬಗೆ, ಐದಕ್ಕೆ ಎಂಟು, ಆರಕ್ಕೆ ಹದಿಮೂರು. ಪ್ರತಿ ಸಂಖ್ಯೆಯೂ ಅದರ ಹಿಂದಿನ ಎರಡರ ಮೊತ್ತ. ಇಡೀ ಜಗತ್ತು ಇದನ್ನು ಇಟಲಿಯ ಫಿಬೊನಾಚ್ಚಿಯ ಹೆಸರಿನಲ್ಲಿ ಕರೆಯುತ್ತದೆ. ಅವನ ಪುಸ್ತಕ ಬಂದದ್ದು 1202ರಲ್ಲಿ. ಅದಕ್ಕೂ ಮುಂಚೆ, ಹನ್ನೆರಡನೆಯ ಶತಮಾನದಲ್ಲಿ ಹೇಮಚಂದ್ರ ಇದೇ ಸಂಖ್ಯೆಗಳನ್ನು ಛಂದಸ್ಸಿನ ಗ್ರಂಥದಲ್ಲಿ ಬರೆದಿಟ್ಟಿದ್ದ. ಅವನಿಗೂ ಹಿಂದೆ ವಿರಹಾಂಕ ಬರೆದಿದ್ದ. ಅವರಿಗೆ ಬೇಕಾಗಿದ್ದದ್ದು ಗಣಿತವಲ್ಲ. ಇಂತಿಷ್ಟು ಕಾಲದಲ್ಲಿ ಎಷ್ಟು ಬಗೆಯ ಮಾತು ಹಿಡಿಸುತ್ತದೆ ಎನ್ನುವುದಷ್ಟೇ ಬೇಕಾಗಿತ್ತು.

ಊರಿನ ಹೆಸರುಗಳಲ್ಲೇ ಇದನ್ನು ಆಡಿ ನೋಡಬಹುದು. ನಂದಳಿಕೆಗೂ ಐದು ಮಾತ್ರೆ, ಹಿರಿಯಡಕಕ್ಕೂ ಐದು, ಇನ್ನಂಜೆಗೂ ಐದು. ಮಣಿಪಾಲವನ್ನು ಸೇರಿಸಿದರೆ ಎಂಟರಲ್ಲಿ ನಾಲ್ಕು ಬಗೆ ಇಲ್ಲೇ ಸಿಕ್ಕಿಹೋದವು. ನಾಲ್ಕರ ಗುಂಪಿನಲ್ಲಿ ಮಾತ್ರ ಒಂದು ಹೆಸರು ಬೇರೆಯವರ ಜೊತೆ ಸೇರುವುದಿಲ್ಲ: ಶಿರೂರು. ಲಘು, ಗುರು, ಲಘು. ಇದು ಜಗಣ. ಮೊತ್ತ ನಾಲ್ಕೇ ಆದರೂ ಕಾರ್ಕಳ ಇರುವ ಜಾಗದಲ್ಲಿ ಶಿರೂರನ್ನು ಕೂರಿಸಿದರೆ ತಾಳದ ಪೆಟ್ಟು ಒಂದು ಕಡೆ, ಮಾತಿನ ಭಾರ ಇನ್ನೊಂದು ಕಡೆ ಬೀಳುತ್ತದೆ. ಆರು ಸಾಲಿನ ಷಟ್ಪದಿಯಲ್ಲಿ ಗಣದ, ಅಂದರೆ ಮಾತ್ರೆಗಳ ಗುಂಪಿನ, ಮೊದಲಿಗೆ ಲಘು-ಗುರು ಬರಬಾರದು ಎಂಬ ನಿಯಮ ಇರುವುದು ಇದಕ್ಕೇ. ನಿಯಮ ಗೊತ್ತಿಲ್ಲದವರಿಗೂ ಎಡವಿದ್ದು ಕಿವಿಗೆ ಗೊತ್ತಾಗುತ್ತದೆ.

ಹೈಸ್ಕೂಲಿನಲ್ಲಿ ಛಂದಸ್ಸು ಕಲಿತವರಲ್ಲಿ ಬಹುಮಂದಿಗೆ ನೆನಪಿರುವುದು ಅಕ್ಷರದ ತಲೆಯ ಮೇಲೆ ಹಾಕಿದ ಗೆರೆ ಮತ್ತು ಬಟ್ಟಲಿನ ಗುರುತು. ಪ್ರಸ್ತಾರ ಹಾಕಿ ಗಣ ವಿಂಗಡಿಸಿ, ಲಕ್ಷಣ ಬರೆದರೆ ಅಂಕ ಸಿಗುತ್ತದೆ. ಪದ್ಯವನ್ನು ಬಾಯಿಬಿಟ್ಟು ಓದದೆಯೂ ಪೂರ್ತಿ ಅಂಕ ಪಡೆಯಬಹುದು. ಇದು ಬೇಸರದ ಸಂಗತಿ. ಏಕೆಂದರೆ ಕೂಡಿಸಿದ ಮೊತ್ತದಿಂದ ಪದ್ಯದ ಓಟ ಗೊತ್ತಾಗುವುದಿಲ್ಲ. ಒಂದು ಉದಾಹರಣೆ ನೋಡಬಹುದು. ಕಾಪುವಿನ ಬಂಡೆಯ ಮೇಲೆ 1901ರಲ್ಲಿ ಎದ್ದುನಿಂತ ದೀಪಸ್ತಂಭವನ್ನು ನೆನೆದು, ಈ ಬರಹಕ್ಕೆಂದೇ ಹೊಸೆದ ಸಾಲುಗಳಿವು:

ಕಡಲ ತೀರದ ಕಾಪು ಊರಲಿ
ಕೊಡಲು ದೀಪವು ದೂರ ಬೆಳಕನು
ತಡೆದ ದೋಣಿಯು ದಡವ ಕಂಡಿತು ಇರುಳ ನಡುವಲೆ ತಾ

ಇದು ಭಾಮಿನಿ ಷಟ್ಪದಿಯ ಅರ್ಧ. ಮೊದಲ ಸಾಲು: ಕಡಲ ಮೂರು, ತೀರದ ನಾಲ್ಕು, ಕಾಪು ಮೂರು, ಊರಲಿ ನಾಲ್ಕು, ಒಟ್ಟು 14. ಎರಡನೆಯದೂ ಹಾಗೆಯೇ. ಮೂರನೆಯ ಸಾಲಿನಲ್ಲಿ ಮೂರು-ನಾಲ್ಕರ ಜೋಡಿ ಮೂರು ಸಲ ಬಂದು ಕೊನೆಯಲ್ಲಿ ಒಂದು ಗುರು; ಒಟ್ಟು 23. ಇಂಥದೇ ಇನ್ನೊಂದು ಅರ್ಧ ಕೂಡಿದರೆ 102 ಮಾತ್ರೆಗಳ ಒಂದು ಪದ್ಯ. ಈಗ ಮೊದಲ ಸಾಲಿನ ಮಾತುಗಳನ್ನು ಹಾಗೇ ಇಟ್ಟುಕೊಂಡು ಜಾಗ ಬದಲಿಸಿ: ತೀರದ ಕಡಲ ಊರಲಿ ಕಾಪು. ಮಾತ್ರೆ ಈಗಲೂ 14. ಒಂದು ಅಕ್ಷರವೂ ಹೆಚ್ಚಿಲ್ಲ, ಕಡಿಮೆಯಾಗಿಲ್ಲ. ಆದರೆ ಭಾಮಿನಿ ಹೋಯಿತು. ಮೂರರಿಂದ ಹೊರಟು ನಾಲ್ಕಕ್ಕೆ ಹಿಗ್ಗುವ ನಡೆ ತಲೆಕೆಳಗಾಯಿತು. ಗದುಗಿನ ಭಾರತದಲ್ಲಿ ಕುಮಾರವ್ಯಾಸ ಸಾವಿರಾರು ಪದ್ಯಗಳುದ್ದಕ್ಕೂ ಹಿಡಿದುಕೊಂಡು ಹೋದದ್ದು ಮೂರು-ನಾಲ್ಕರ ಈ ಹಿಗ್ಗುವಿಕೆಯನ್ನು; ಕರ್ನಾಟಕ ಸಂಗೀತದ ಮಿಶ್ರಛಾಪಿನಲ್ಲಿ ಕೈ ಹಾಕುವುದೂ ಇದನ್ನೇ.

ಬೇರೆ ನಡೆಗಳೂ ಹೀಗೆ ಕೈಗೆ ಸಿಗುತ್ತವೆ. ‘ಕೆಸರ ಸೀಳಿ ಜೋಡಿ ಕೋಣ ಓಡಿ ಬಂತು’ ಎಂದರೆ ಕಂಬಳದ ಗದ್ದೆಗೆ ತಕ್ಕ ಮೂರರ ಓಟ, ಛಂದಸ್ಸಿನವರು ಉತ್ಸಾಹ ಲಯ ಎನ್ನುವುದು ಇದಕ್ಕೆ. ‘ಉಡುಪಿಯ ಬೀದಿಯ ತುಂಬಾ ಹುಲಿಗಳು’ ನಾಲ್ಕರದ್ದು, ಮಂದಾನಿಲ. ‘ಮಣಿಪಾಲ ಬೆಟ್ಟದಲಿ ಮಳೆಬಂತು ನೋಡಲ್ಲಿ’ ಐದರದ್ದು, ಲಲಿತ ಲಯ; ಲಕ್ಷ್ಮೀಶನ ಜೈಮಿನಿ ಭಾರತದ ವಾರ್ಧಕ ಷಟ್ಪದಿ ಇದೇ ಐದರ ಮೇಲೆ ನಿಂತದ್ದು. ಮೃದಂಗ ಕಲಿಯುವ ಮಗು ಮೊದಲ ತಿಂಗಳಲ್ಲೇ ತಕಿಟ, ತಕಧಿಮಿ, ತಕತಕಿಟ ಎಂದು ಬಾಯಲ್ಲಿ ಹೇಳುತ್ತದಲ್ಲ, ಆ ಮೂರು, ನಾಲ್ಕು, ಐದು ಬೇರೆ ಯಾವುವೂ ಅಲ್ಲ.

ಕರಾವಳಿಯಲ್ಲಿ ಛಂದಸ್ಸು, ತಾಳ ಎಂಬ ಈ ಎರಡು ವಿದ್ಯೆಗಳನ್ನು ಒಟ್ಟಿಗೆ ಕಟ್ಟಿಟ್ಟ ಪುಸ್ತಕವೊಂದಿದೆ. ಯಾವುದೇ ಯಕ್ಷಗಾನ ಪ್ರಸಂಗದ ಪ್ರತಿ ತೆಗೆದು ನೋಡಿ. ಉಡುಪಿಯ ಪಾವಂಜೆ ಗುರುರಾವ್ ಅವರ ಅಂಗಡಿಯಿಂದ ಬರುತ್ತಿದ್ದ ಹಳೆಯ ಪ್ರತಿಗಳು ಈಗಲೂ ಎಷ್ಟೋ ಮನೆಯ ಅಟ್ಟದಲ್ಲಿವೆ. ಪ್ರತಿ ಪದದ ನೆತ್ತಿಯ ಮೇಲೆ ರಾಗ, ತಾಳದ ಹೆಸರು: ಭೈರವಿ ರಾಗ, ಝಂಪೆ ತಾಳ, ಸೌರಾಷ್ಟ್ರ ರಾಗ, ತ್ರಿವುಡೆ ತಾಳ, ಸಾಂಗತ್ಯ, ರೂಪಕ ತಾಳ. ನಡುನಡುವೆ ಭಾಮಿನಿ, ವಾರ್ಧಕ, ಕಂದ, ದ್ವಿಪದಿ ಎಂಬ ತಲೆಬರಹ. ಮೊದಲನೆಯವು ಸಂಗೀತದ ಮಾತು, ಎರಡನೆಯವು ಕಾವ್ಯದ ಮಾತು. ಪ್ರಸಂಗ ಬರೆದ ಕವಿಗೆ ಎರಡೂ ಗೊತ್ತಿರಲೇಬೇಕು. ಝಂಪೆ ಎಂದು ಬರೆದ ಮೇಲೆ ಪದದ ಒಳಗೆ ಐದರ ನಡೆ ಇರಬೇಕು, ತ್ರಿವುಡೆ ಎಂದರೆ ಏಳರದ್ದು. ಇಲ್ಲದಿದ್ದರೆ ಭಾಗವತರು ರಂಗಸ್ಥಳದಲ್ಲಿ ಅಕ್ಷರವನ್ನು ನುಂಗಬೇಕು ಅಥವಾ ಎಳೆಯಬೇಕು, ಹಿಂದೆ ಕೂತ ಮದ್ದಳೆಯವರ ಮುಖ ಗಂಟಿಕ್ಕುತ್ತದೆ.

ಹಿಮ್ಮೇಳದ ಕೆಲಸವನ್ನು ಸ್ವಲ್ಪ ಹತ್ತಿರದಿಂದ ನೋಡುವುದು ಒಳ್ಳೆಯದು. ಭಾಗವತರ ಕೈಯಲ್ಲಿ ತಾಳ. ಆಟದ ಪೂರ್ತಿ ಕಾಲ ಅವರ ಹಿಡಿತದಲ್ಲಿ. ಪದದ ಮೊದಲ ಸಾಲು ಎತ್ತಿಕೊಂಡಾಗ ಮದ್ದಳೆ ಅದರ ಒಳನಡೆಯನ್ನು ಹಿಡಿಯುತ್ತದೆ: ಐದಾದರೆ ಐದು, ಏಳಾದರೆ ಏಳು. ವೇಷಧಾರಿ ಕುಣಿತಕ್ಕೆ ತೊಡಗುವ ಹೊತ್ತಿಗೆ ಚಂಡೆಯೂ ಸೇರುತ್ತದೆ. ಕೊನೆಗೆ ಬಿಡ್ತಿಗೆ, ಮುಕ್ತಾಯ. ಮುಕ್ತಾಯದ ಕೊನೆಯ ಪೆಟ್ಟು, ಭಾಗವತರ ತಾಳ, ವೇಷದ ಹೆಜ್ಜೆ, ಮೂರೂ ಒಂದೇ ಬಿಂದುವಿಗೆ ಬಂದು ನಿಲ್ಲಬೇಕು. ಹಾಗೆ ನಿಂತಾಗ ಗದ್ದೆಯ ಅಂಚಿನಲ್ಲಿ ಚಾಪೆ ಹಾಕಿ ಅರೆನಿದ್ದೆಯಲ್ಲಿದ್ದವರೂ ಎದ್ದು ಕೂರುತ್ತಾರೆ. ಇದನ್ನೆಲ್ಲ ಕಲಿಯುವುದು ಕಾಗದ ನೋಡಿ ಅಲ್ಲ, ಬಾಯಿತಾಳದಿಂದ. ಚಂಡೆ ಮದ್ದಳೆ ನುಡಿಸಬೇಕಾದ್ದನ್ನು ಮೊದಲು ಬಾಯಲ್ಲಿ ಹೇಳಿ, ಕೈಯಲ್ಲಿ ತಟ್ಟಿ, ಕಾಲಲ್ಲಿ ತುಳಿದು ಗಟ್ಟಿಮಾಡಿಕೊಳ್ಳುತ್ತಾರೆ. 1971ರಲ್ಲಿ ಆರಂಭವಾದ ಉಡುಪಿಯ ಯಕ್ಷಗಾನ ಕೇಂದ್ರದಲ್ಲಿ ಶಿವರಾಮ ಕಾರಂತ, ಕು.ಶಿ. ಹರಿದಾಸ ಭಟ್ಟರ ಆಸಕ್ತಿಯಿಂದ ಬೆಳೆದ ಪಾಠಕ್ರಮದ ಬುಡದಲ್ಲಿ ಇರುವುದೂ ಇದೇ.

ಹಿರಿಯಡಕದ ಮದ್ದಳೆಗಾರ ಗೋಪಾಲ ರಾಯರು ನೂರು ವರ್ಷ ಬಾಳಿ 2020ರಲ್ಲಿ ತೀರಿಕೊಂಡರು. ಏರು ಮದ್ದಳೆಯೆಂದರೆ ಅವರದೇ ಹೆಸರು ಬಾಯಿಗೆ ಬರುತ್ತಿತ್ತು. ಅಮೆರಿಕದಿಂದ ಬಂದು ಬಡಗುತಿಟ್ಟಿನ ಯಕ್ಷಗಾನದ ಮೇಲೆ ಪುಸ್ತಕ ಬರೆದ ಮಾರ್ತಾ ಆಶ್ಟನ್ ಅವರಿಗೆ ಕಲಿಸಿದ ಗುರುಗಳಲ್ಲಿ ಅವರು ಪ್ರಮುಖರು. ಕನ್ನಡ ಬಾರದ ಊರಿನಿಂದ ಬಂದವರಿಗೂ ಹೇಳಿಕೊಡಬಹುದಾದದ್ದು ಈ ಲೆಕ್ಕದಲ್ಲಿದೆ. ಕೈ ಮತ್ತು ಬಾಯಿ ಇದ್ದರೆ ಸಾಕು.

ತಾಳಕ್ಕೆ ಸಿಗದ ಪದ್ಯಗಳೂ ಇವೆ. ಭಾಗವತರು ಕಂದವನ್ನೋ ವೃತ್ತವನ್ನೋ ಹಾಡುವಾಗ ತಾಳ ಹಾಕುವುದಿಲ್ಲ. ಶ್ರುತಿಯನ್ನು ಹಿಡಿದು ರಾಗದ ಬೆನ್ನ ಮೇಲೆ ಮಾತನ್ನು ಹೊರಿಸಿ ಬಿಟ್ಟುಬಿಡುತ್ತಾರೆ. ಶಾರ್ದೂಲವಿಕ್ರೀಡಿತದ ಒಂದು ಪಾದದಲ್ಲಿ 19 ಅಕ್ಷರ, 12ನೆಯ ಅಕ್ಷರದಲ್ಲಿ ಯತಿ. ಗುರು ಲಘುಗಳ ಜಾಗ ಖಚಿತ, ಒಂದನ್ನೂ ಅಲುಗಿಸುವಂತಿಲ್ಲ. ಆದರೆ ಅದನ್ನು ಮೂರು ಮೂರಾಗಿಯೋ ನಾಲ್ಕು ನಾಲ್ಕಾಗಿಯೋ ಒಡೆಯಲು ಹೊರಟರೆ ಗುರುವೊಂದು ಅರ್ಧ ಇತ್ತ, ಅರ್ಧ ಅತ್ತ ಹರಿದುಹೋಗುತ್ತದೆ. ಅದಕ್ಕೆ ಗಾಂಭೀರ್ಯ ಉಂಟು, ನಡಿಗೆ ಉಂಟು, ಪೆಟ್ಟು ಹಾಕುವ ಜಾಗವಿಲ್ಲ.

ಎಲ್ಲ ವೃತ್ತಗಳೂ ಹಾಗೆ ಅಲ್ಲ. ಉಡುಪಿಯ ಕೃಷ್ಣ ಮಠದಲ್ಲಿ ನೈವೇದ್ಯದ ಹೊತ್ತಿಗೆ ಹಾಡುವ ಮಧ್ವಾಚಾರ್ಯರ ದ್ವಾದಶ ಸ್ತೋತ್ರದಲ್ಲಿ ಮೂರನೆಯದು ತೋಟಕ ವೃತ್ತದ್ದು. ತೋಟಕ ಎಂದರೆ ನಾಲ್ಕು ಸಗಣ. ಸಗಣ ಎಂದರೆ ಲಘು, ಲಘು, ಗುರು. ಒಂದೊಂದೂ ನಾಲ್ಕು ಮಾತ್ರೆ. ಹನ್ನೆರಡು ಅಕ್ಷರದ ಪಾದ ತನ್ನಷ್ಟಕ್ಕೆ 16 ಮಾತ್ರೆಗೆ ಕೂತು ಚತುರಶ್ರದಲ್ಲಿ ಹೊರಟುಬಿಡುತ್ತದೆ. ಸಂಸ್ಕೃತ ಬಾರದ ಮಕ್ಕಳೂ ಅದನ್ನು ಬೇಗ ಕಂಠಪಾಠ ಮಾಡುವುದಕ್ಕೆ ಭಕ್ತಿಯಷ್ಟೇ ಈ ನಾಲ್ಕೂ ಕಾರಣ. ಶಾರ್ದೂಲವಿಕ್ರೀಡಿತ, ತೋಟಕ ಎರಡೂ ಅಕ್ಷರವೃತ್ತಗಳೇ, ಲಕ್ಷಣಗ್ರಂಥದಲ್ಲಿ ಎರಡೂ ಒಂದೇ ಅಧ್ಯಾಯದಲ್ಲಿ ಬರುತ್ತವೆ. ಆದರೆ ಕಿವಿಗೆ ಒಂದಕ್ಕೂ ಇನ್ನೊಂದಕ್ಕೂ ಸಂಬಂಧವೇ ಇಲ್ಲ.

ಈ ವ್ಯತ್ಯಾಸವನ್ನು ಬಿಡಿಸಿ ಹೇಳಲು ಬಾಳೆಲ್ಲ ಯೋಚಿಸಿದವರು ಸೇಡಿಯಾಪು ಕೃಷ್ಣಭಟ್ಟರು. 1902ರಲ್ಲಿ ಹುಟ್ಟಿ 1996ರಲ್ಲಿ ತೀರಿಕೊಂಡ ಅವರಿಗೆ 1994ರಲ್ಲಿ ಪಂಪ ಪ್ರಶಸ್ತಿ ಬಂತು. ಅವರ ‘ಛಂದೋಗತಿ’ ಪ್ರಕಟವಾದದ್ದು ಉಡುಪಿಯ ಎಂ.ಜಿ.ಎಂ. ಕಾಲೇಜಿನ ಆವರಣದಲ್ಲಿರುವ ಗೋವಿಂದ ಪೈ ಸಂಶೋಧನ ಕೇಂದ್ರದಿಂದ, 1980ರ ದಶಕದಲ್ಲಿ. ಹೆಸರಲ್ಲೇ ಅವರ ವಾದ ಇದೆ. ಛಂದಸ್ಸಿನಲ್ಲಿ ವಿಚಾರಿಸಬೇಕಾದ್ದು ಗತಿ, ಅಂದರೆ ಪದ್ಯ ಓಡುವ ರೀತಿ. ಗಣ ಎನ್ನುವುದು ಆ ಓಟದಲ್ಲಿ ಕಾಲು ಊರಿದ ಗುರುತು ಮಾತ್ರ. ಯಾವ ಪದ್ಯಕ್ಕೆ ತಾಳಕ್ಕೆ ಒಗ್ಗುವ ಲಯವಿದೆ, ಯಾವುದಕ್ಕಿಲ್ಲ, ಯಾವುದರಲ್ಲಿ ಹಾಡುವವನು ಅಕ್ಷರವನ್ನು ಎಳೆದು ಕಾಲವನ್ನು ತುಂಬುತ್ತಾನೆ ಎನ್ನುವುದನ್ನೆಲ್ಲ ಅವರು ಕಿವಿಯ ಸಾಕ್ಷಿಯಿಂದ ತೀರ್ಮಾನಿಸಿದರು. ಹತ್ತನೆಯ ಶತಮಾನದ ನಾಗವರ್ಮನ ಛಂದೋಂಬುಧಿಯಿಂದ ಹಿಡಿದು ಕನ್ನಡದಲ್ಲಿ ಲಕ್ಷಣಗ್ರಂಥಗಳಿಗೆ ಕೊರತೆಯಿಲ್ಲ. ಆದರೂ ಛಂದಸ್ಸನ್ನು ಕೇಳಿಸಿಕೊಳ್ಳುವುದು ಹೇಗೆ ಎಂದು ಇಷ್ಟು ತಾಳ್ಮೆಯಿಂದ ಹೇಳಿದ ಪುಸ್ತಕ ಇನ್ನೊಂದು ಸಿಗುವುದು ಕಷ್ಟ. ಕನ್ನಡ ಎಂ.ಎ. ವಿದ್ಯಾರ್ಥಿಗಳಾಚೆಗೂ ಅದು ತಲುಪಬೇಕಾಗಿತ್ತು.

ಅಕ್ಷರ ಎಳೆಯುವ ಮಾತಿಗೆ ಕಾರ್ಕಳದ ಉದಾಹರಣೆಯೇ ಅತ್ಯುತ್ತಮ. ಕಾರ್ಕಳವನ್ನಾಳಿದ ಭೈರರಸರ ಆಶ್ರಯದಲ್ಲಿದ್ದ ರತ್ನಾಕರವರ್ಣಿ ಹದಿನಾರನೆಯ ಶತಮಾನದಲ್ಲಿ ‘ಭರತೇಶ ವೈಭವ’ ಬರೆದ. ಆ ಹೊತ್ತಿಗೆ ಕಾರ್ಕಳದ ಬೆಟ್ಟದ ಮೇಲೆ ಗೊಮ್ಮಟ ನಿಂತು, ಅಂದರೆ 1432ರಿಂದ, ನೂರಕ್ಕೂ ಹೆಚ್ಚು ವರ್ಷ ಕಳೆದಿತ್ತು. ಕಲ್ಲಿನಲ್ಲಿ ನಿಂತವನು ತಮ್ಮ ಬಾಹುಬಲಿ. ರತ್ನಾಕರ ಹಾಡಿದ್ದು ಅಣ್ಣ ಭರತನ ಕಥೆಯನ್ನು. ಸುಮಾರು ಹತ್ತು ಸಾವಿರ ಪದ್ಯಗಳು, ಎಲ್ಲವೂ ಸಾಂಗತ್ಯ. ತನ್ನ ಹಾಡು ಕೇಳಿ ಕನ್ನಡದವರು, ತೆಲುಗಿನವರು, ತುಳುವರು ಎಲ್ಲರೂ ಅವರವರ ಭಾಷೆಯಲ್ಲೇ ಭೇಷ್ ಎನ್ನಬೇಕು ಎಂಬ ಆಸೆಯನ್ನು ಅವನು ಶುರುವಿನಲ್ಲೇ ಹೇಳಿಕೊಂಡಿದ್ದಾನೆ.

ಸಾಂಗತ್ಯ ಅಂಶಗಣದ ಪದ್ಯ. ಒಂದನೆಯ, ಮೂರನೆಯ ಸಾಲಿಗೆ ನಾಲ್ಕು ವಿಷ್ಣುಗಣ. ಎರಡನೆಯ, ನಾಲ್ಕನೆಯದಕ್ಕೆ ಎರಡು ವಿಷ್ಣು, ಒಂದು ಬ್ರಹ್ಮ. ವಿಷ್ಣುಗಣದಲ್ಲಿ ಮೂರು ಅಂಶ. ಅಂಶ ಗುರುವೂ ಆಗಬಹುದು, ಲಘುವೂ ಆಗಬಹುದು. ಮೊದಲ ಅಂಶದಲ್ಲಿ ಗುರುವಿಗೆ ಬದಲು ಎರಡು ಲಘು ಇರಬಹುದು. ಹೀಗಾಗಿ ಒಂದು ವಿಷ್ಣುಗಣಕ್ಕೆ ನಾಲ್ಕೇ ಮಾತ್ರೆ, ಪಕ್ಕದ್ದಕ್ಕೆ ಆರು. ಕಾಗದದ ಮೇಲೆ ಇದು ಏರುಪೇರಿನ ಲೆಕ್ಕ. ಹಾಡಿದರೆ ಸಮ. ಕಡಿಮೆ ಇರುವಲ್ಲಿ ಹಾಡುವವರು ಸ್ವರವನ್ನು ಎಳೆದು ತುಂಬುತ್ತಾರೆ. ಬಲ್ಲವರು ಇದನ್ನು ಕರ್ಷಣ ಎನ್ನುತ್ತಾರೆ. ಪ್ರಸಂಗದ ಪುಸ್ತಕದಲ್ಲಿ ಸಾಂಗತ್ಯ ಎಂದು ಬರೆದು ಪಕ್ಕದಲ್ಲಿ ರೂಪಕ ತಾಳ ಎಂದು ಬರೆಯಲು ಸಾಧ್ಯವಾದದ್ದೂ ಇದರಿಂದ: ಗಣವೊಂದಕ್ಕೆ ಆರು ಮಾತ್ರೆಯ ಕಾಲ ಕೊಟ್ಟರೆ ರೂಪಕದ ಆರಕ್ಕೆ ಸರಿಯಾಗಿ ಕೂರುತ್ತದೆ. ಬರಿಗಣ್ಣಿಗೆ ತಪ್ಪಾಗಿ ಕಾಣುವ ಪದ್ಯ ಬಾಯಿಗೆ ಬಂದೊಡನೆ ಸರಿಯಾಗುವುದನ್ನು ಒಂದು ಸಲ ಕಂಡವರು ಆಮೇಲೆ ಹಳ್ಳಿಯ ಹಾಡುಗಳನ್ನು ‘ಛಂದಸ್ಸು ಕೆಟ್ಟಿದೆ’ ಎಂದು ಹೇಳುವ ಧೈರ್ಯ ಮಾಡುವುದಿಲ್ಲ.

ತುಳುವಿನ ಪಾಡ್ದನಗಳಿಗೂ ಈ ಮಾತು ಸಲ್ಲುತ್ತದೆ. ನೇಜಿ ನೆಡುವಾಗ ಒಬ್ಬಳು ಎತ್ತಿಕೊಡುತ್ತಾಳೆ, ಉಳಿದವರು ಸೊಲ್ಲು ಹಿಡಿಯುತ್ತಾರೆ. ಅಲ್ಲಿ ಕಾಲವನ್ನು ಅಳೆಯುವುದು ಸಸಿ ಊರುವ ಕೈ, ಹಿಂದಕ್ಕಿಡುವ ಹೆಜ್ಜೆ. ಕಾಪು ಕಡೆಯ ದಂಡೆಯಲ್ಲಿ ಕೈರಂಪಣಿ ಬಲೆ ಎಳೆಯುವ ಗುಂಪಿನದೂ ಅದೇ ರೀತಿ: ಒಬ್ಬನ ಕೂಗು, ಎಲ್ಲರ ಉತ್ತರ, ಉತ್ತರದ ಮೊದಲ ಅಕ್ಷರಕ್ಕೆ ಹಗ್ಗಕ್ಕೆ ಬೀಳುವ ಜಗ್ಗು. ತಾಳದ ಪೆಟ್ಟು ಎಂದು ಸಂಗೀತದವರು ಹೇಳುವುದಕ್ಕೆ ಇಲ್ಲಿ ತೂಕ ಕೂಡ ಇದೆ.

ಮಾತೇ ಇಲ್ಲದ ಲಯ ಬೇಕಿದ್ದರೆ ವಿಟ್ಲಪಿಂಡಿಯ ದಿನ ಉಡುಪಿಯ ರಥಬೀದಿಗೆ ಬರಬೇಕು. ಹುಲಿವೇಷಕ್ಕೆ ತಾಸೆ ಮತ್ತು ಡೋಲು. ತಾಸೆ ಸಣ್ಣ ಕಡ್ಡಿಗಳಿಂದ ಎಡೆಬಿಡದೆ ಕಾಲವನ್ನು ಕೊಚ್ಚುತ್ತದೆ, ಡೋಲು ಅದಕ್ಕೆ ದಪ್ಪ ಪೆಟ್ಟಿನ ಗೂಟ ಹೊಡೆಯುತ್ತದೆ. ಕುಣಿಯುವವರು ಹೆಜ್ಜೆಯ ಕಟ್ಟನ್ನು ಪೌಲ ಎನ್ನುತ್ತಾರೆ. ಮೂರು ಪೌಲ, ಐದು ಪೌಲ ಎಂದು ಎಣಿಸುತ್ತಾರೆ. ಬಣ್ಣ ಬಳಿದುಕೊಳ್ಳದ ಹುಡುಗರ ಕಾಲೂ ಬೀದಿಯಂಚಿನಲ್ಲಿ ತಾನಾಗಿ ಎತ್ತುತ್ತದೆ.

ಇಷ್ಟೆಲ್ಲ ಲಯದ ನಡುವೆ ಬೆಳೆದ ಕವಿಯೊಬ್ಬ ಪದ್ಯವನ್ನೇ ಬಿಟ್ಟ ಕಥೆ ಹೇಳದೆ ಮುಂದೆ ಹೋಗುವಂತಿಲ್ಲ. ನಂದಳಿಕೆಯ ಲಕ್ಷ್ಮೀನಾರಣಪ್ಪ, ಅಂದರೆ ಮುದ್ದಣ, ಹುಟ್ಟಿದ್ದು 1870ರಲ್ಲಿ. ನಂದಳಿಕೆ ಈಗಿನ ಕಾರ್ಕಳ ತಾಲೂಕಿನ ಊರು. ಉಡುಪಿಯಲ್ಲಿ ಅವನಿಗೆ ಸಿಕ್ಕಿದ್ದು ವ್ಯಾಯಾಮ ಶಿಕ್ಷಕನ ಕೆಲಸ. ಹುಡುಗರನ್ನು ಸಾಲಾಗಿ ನಿಲ್ಲಿಸಿ ಎಡ-ಬಲ ಎಣಿಸಿ ಹೆಜ್ಜೆ ಹಾಕಿಸುವ ಮೇಷ್ಟ್ರು ‘ರತ್ನಾವತಿ ಕಲ್ಯಾಣ’, ‘ಕುಮಾರ ವಿಜಯ’ ಎಂಬ ಯಕ್ಷಗಾನ ಪ್ರಸಂಗಗಳನ್ನು ಬರೆದ. ತಾಳ ತಾಳಕ್ಕೆ ಬಗೆಬಗೆಯ ಪದ ಕಟ್ಟಬಲ್ಲವನು ಎನ್ನುವುದು ಅವುಗಳಲ್ಲಿ ಎದ್ದು ಕಾಣುತ್ತದೆ. ‘ಶ್ರೀರಾಮ ಪಟ್ಟಾಭಿಷೇಕ’ವನ್ನು ವಾರ್ಧಕ ಷಟ್ಪದಿಯಲ್ಲಿ ಬರೆದ, ಒಂದು ಪದ್ಯಕ್ಕೆ 144 ಮಾತ್ರೆ, ಎಲ್ಲವೂ ಐದರ ನಡೆ. ಅಂಥವನು ‘ರಾಮಾಶ್ವಮೇಧ’ಕ್ಕೆ ಬಂದಾಗ ಮುದ್ದಣ-ಮನೋರಮೆಯರನ್ನು ಮಳೆಗಾಲದ ಸಂಜೆ ಎದುರುಬದುರು ಕೂರಿಸಿ, ಕಥೆ ಪದ್ಯದಲ್ಲಿರಲೋ ಗದ್ಯದಲ್ಲಿರಲೋ ಎಂಬ ಚರ್ಚೆ ಎತ್ತಿ, ಗದ್ಯದ ಕಡೆಗೇ ತೀರ್ಪು ಕೊಡಿಸಿದ. 1901ರಲ್ಲಿ, ಮೂವತ್ತೊಂದರ ಎಳೆಹರೆಯದಲ್ಲಿ, ಕ್ಷಯದಿಂದ ತೀರಿಕೊಂಡ.

ಪದ್ಯ ಕೈಲಾಗದವನು ಗದ್ಯ ಹಿಡಿದದ್ದಲ್ಲ ಇದು. ರಾಮಾಶ್ವಮೇಧವನ್ನು ಗಟ್ಟಿಯಾಗಿ ಓದಿದರೆ ಗಂಡಹೆಂಡಿರ ಮಾತಿನಲ್ಲಿ ಸಣ್ಣ ಸಣ್ಣ ತುಂಡುಗಳು ಒಂದಕ್ಕೊಂದು ತಾಕಿ ಓಡುವುದು ಕೇಳುತ್ತದೆ. ತಾಳಮದ್ದಳೆಯ ಅರ್ಥಗಾರಿಕೆಯಲ್ಲಿ ಒಳ್ಳೆಯ ಇಬ್ಬರು ಅರ್ಥಧಾರಿಗಳು ಮಾತಿಗೆ ಮಾತು ಕೊಡುವಾಗ ಇರುವ ಬಿಗಿಯೂ ಇಂಥದೇ. ಪದ ಮುಗಿದು ತಾಳ ನಿಂತ ಮೇಲೂ ಅದರ ಕಾವು ಮಾತಿನಲ್ಲಿ ಉಳಿದಿರುತ್ತದೆ. ಎಣಿಸಿ ಕಲಿತವನಿಗೆ ಎಣಿಕೆ ಬಿಟ್ಟ ಮೇಲೂ ನಡೆ ತಪ್ಪದು ಎನ್ನುವುದಕ್ಕೆ ಮುದ್ದಣನಿಗಿಂತ ಒಳ್ಳೆಯ ಸಾಕ್ಷಿ ಬೇಕಿಲ್ಲ.

ಬಿಡುವ ಕೆಲಸ ಆಮೇಲೂ ನಡೆಯಿತು. ಮಂಜೇಶ್ವರದ ಗೋವಿಂದ ಪೈಗಳು 1911ರಲ್ಲಿ ಆದಿಪ್ರಾಸವನ್ನು ಬಿಟ್ಟು ಪದ್ಯ ಬರೆದರು. ಅಲ್ಲಿಯ ತನಕ ಪ್ರತಿ ಸಾಲಿನ ಎರಡನೆಯ ಅಕ್ಷರ ಒಂದೇ ಇರಬೇಕಿತ್ತು. ಮೇಲಿನ ಕಾಪುವಿನ ಸಾಲುಗಳಲ್ಲಿ ಕಡಲ, ಕೊಡಲು, ತಡೆದ ಎಂದು ‘ಡ’ಕಾರ ಬಂದದ್ದು ಆ ಹಳೆಯ ಕಟ್ಟುಪಾಡಿಗೆ. ಪೈಗಳು ಪ್ರಾಸ ಬಿಟ್ಟರು, ಮಾತ್ರೆಯ ನಡೆ ಬಿಡಲಿಲ್ಲ. 1968ರ ಹೊತ್ತಿಗೆ ಉಡುಪಿಯ ಪೂರ್ಣಪ್ರಜ್ಞ ಕಾಲೇಜಿಗೆ ಪ್ರಾಂಶುಪಾಲರಾಗಿ ಬಂದ ಗೋಪಾಲಕೃಷ್ಣ ಅಡಿಗರು ಸಾಲನ್ನೇ ಮುರಿದವರು. ಅವರ ನವ್ಯ ಕವಿತೆಗಳಲ್ಲಿ ಒಂದು ಸಾಲು ಉದ್ದ, ಇನ್ನೊಂದು ಎರಡೇ ಮಾತು. ಆದರೂ ಗಟ್ಟಿಯಾಗಿ ಓದಿದರೆ ಎಷ್ಟೋ ಕಡೆ ಮಾತ್ರೆಗಳ ಹಳೆಯ ನಡೆ ಒಳಗಿಂದ ಒದೆಯುತ್ತದೆ, ಒಂದೆರಡು ಹೆಜ್ಜೆ ಇಟ್ಟು ಬೇಕೆಂದೇ ನಿಲ್ಲುತ್ತದೆ. ಓದುವವನ ಕಿವಿಯಲ್ಲಿ ನಡೆ ಇದ್ದರಷ್ಟೇ ಆ ನಿಲುಗಡೆ ತಾಗುವುದು.

ಎಲ್ಲ ಭಾಷೆಗಳೂ ಕಾಲವನ್ನು ಹೀಗೆಯೇ ಅಳೆಯುವುದಿಲ್ಲ. ಇಂಗ್ಲಿಷಿನಲ್ಲಿ ಎಣಿಸುವುದು ಒತ್ತಿ ಹೇಳುವ ಅಕ್ಷರಗಳನ್ನು. ಹಳೆಯ ಗ್ರೀಕ್, ಲ್ಯಾಟಿನ್ ಕಾವ್ಯಗಳಲ್ಲಿ ನಮ್ಮ ಹಾಗೆ ದೀರ್ಘ-ಹ್ರಸ್ವದ ಲೆಕ್ಕ. ಜಪಾನಿನ ಹೈಕುವಿನ ಐದು-ಏಳು-ಐದು ಕೂಡ ನಮ್ಮ ಮಾತ್ರೆಗೆ ತೀರ ಹತ್ತಿರದ ಅಳತೆ. ಅಲ್ಲೂ ದೀರ್ಘಸ್ವರಕ್ಕೆ ಎರಡು. ಬಿ.ಎಂ. ಶ್ರೀಕಂಠಯ್ಯನವರು ‘ಇಂಗ್ಲಿಷ್ ಗೀತಗಳು’ ಮಾಡುವಾಗ ಒತ್ತಿನ ಪದ್ಯಗಳನ್ನು ಮಾತ್ರೆಯ ಭಾಷೆಗೆ ತರಬೇಕಾಯಿತು. ಆ ಹೊಸ ನಡೆಗಳು ಕನ್ನಡಕ್ಕೆ ಇಷ್ಟು ಬೇಗ ಒಗ್ಗಿದ್ದಕ್ಕೆ ಮೂರು, ನಾಲ್ಕು, ಐದರ ಗಣಗಳು ಇಲ್ಲಿ ಮೊದಲೇ ಇದ್ದದ್ದು ಕಾರಣ.

ಈಗ ಶಾಲೆಯ ಮಾತು. ಉಡುಪಿಯ ಯಕ್ಷಶಿಕ್ಷಣ ಟ್ರಸ್ಟ್ ಹಲವಾರು ಹೈಸ್ಕೂಲುಗಳಲ್ಲಿ ಮಕ್ಕಳಿಗೆ ಯಕ್ಷಗಾನ ಕಲಿಸುತ್ತದೆ. ವರ್ಷದ ಕೊನೆಗೆ ಅವರ ಪ್ರದರ್ಶನಗಳು ಸಾಲಾಗಿ ನಡೆಯುತ್ತವೆ, ಹುಡುಗಿಯರೂ ಕಿರೀಟ ಕಟ್ಟಿ ಕುಣಿಯುತ್ತಾರೆ. ಈ ಮಕ್ಕಳು ಗುರುಗಳ ಎದುರು ಏಕ, ರೂಪಕ, ಝಂಪೆ, ತ್ರಿವುಡೆಯ ಬಾಯಿತಾಳ ತಪ್ಪಿಲ್ಲದೆ ಹೇಳುತ್ತಾರೆ. ಅದೇ ಮಕ್ಕಳು ಅದೇ ಕಟ್ಟಡದ ಇನ್ನೊಂದು ಕೋಣೆಯಲ್ಲಿ, ಕನ್ನಡದ ಅವಧಿಯಲ್ಲಿ, ಕುಮಾರವ್ಯಾಸನ ಪದ್ಯಕ್ಕೂ ಲಕ್ಷ್ಮೀಶನ ‘ವೀರಲವ’ಕ್ಕೂ ಪ್ರಸ್ತಾರ ಹಾಕಿ ಗಣ ವಿಂಗಡಿಸುತ್ತಾರೆ. ಝಂಪೆಯ ಐದೂ ವಾರ್ಧಕದ ಐದೂ ಒಂದೇ ಎಂದು ಆ ಎರಡು ಕೋಣೆಗಳ ನಡುವೆ ಯಾರಾದರೂ ಹೇಳಬೇಕು. ಅದಕ್ಕೆ ಹೊಸ ಪಠ್ಯ ಬೇಡ, ತರಬೇತಿ ಶಿಬಿರ ಬೇಡ. ಪದ್ಯ ಶುರುಮಾಡುವ ಮೊದಲು ಯಕ್ಷಗಾನ ಕಲಿತ ಒಬ್ಬಳನ್ನು ಎಬ್ಬಿಸಿ, ಮೇಜಿನ ಮೇಲೆ ಝಂಪೆ ತಟ್ಟು ಎಂದರೆ ಸಾಕು. ತರಗತಿ ಅದರ ಮೇಲೆ ವೀರಲವವನ್ನು ಓದಲಿ. ಎಲ್ಲಿ ಗುರು, ಎಲ್ಲಿ ಲಘು ಎಂದು ಮೇಷ್ಟ್ರು ಆಮೇಲೆ ಕೇಳಬಹುದು. ಉತ್ತರ ಅಷ್ಟರಲ್ಲಿ ಬೆಂಚು ಬೆಂಚಿನಲ್ಲೂ ಸಿದ್ಧವಾಗಿರುತ್ತದೆ.